ಅದು ಗೋಲೋ ಅಲ್ವೋ? ಫುಟ್‌ಬಾಲ್ ನಿಯಮಗಳ ಹಿಂದಿರುವ ಜಗಳಗಳು

ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ನಡೆಯುವ ಫುಟ್‌ಬಾಲ್ ನೋಡಿದ್ದೀರಲ್ಲ. ಗೋಲ್ ಕಂಬ ಇರುವುದಿಲ್ಲ. ಎರಡು ಸ್ಕೂಲ್ ಬ್ಯಾಗ್, ಇಲ್ಲಾಂದ್ರೆ ಎರಡು ಜೊತೆ ಚಪ್ಪಲಿ. ಒಬ್ಬ ಜೋರಾಗಿ ಒದೆಯುತ್ತಾನೆ. ಚೆಂಡು ಕೀಪರ್ ತಲೆ ಮೇಲೆ ಹಾದು ಆಚೆ ಬೀಳುತ್ತದೆ. "ಗೋಲ್!" ಅಂತ ಒಂದು ಗುಂಪು. "ಹೋಗೋಲೋ, ಮೇಲಿಂದ ಹೋಯ್ತು" ಅಂತ ಇನ್ನೊಂದು. ಆಟ ನಿಂತು ವಾದ ಶುರುವಾಗುತ್ತದೆ. ಕೊನೆಗೆ ಚೆಂಡು ಯಾರದ್ದೋ ಅವನ ಮಾತೇ ನಡೆಯುತ್ತದೆ.

ಈ ಸಮಸ್ಯೆ ನಿಮ್ಮದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ 1863ರಲ್ಲಿ ಮೊದಲ ಬಾರಿ ನಿಯಮ ಬರೆದಾಗ ಗೋಲಿಗೆ ಎರಡು ಕಂಬ ಮಾತ್ರ ಇದ್ದವು, ಮೇಲೆ ಏನೂ ಇರಲಿಲ್ಲ. ಕಂಬಗಳ ನಡುವೆ ಎಷ್ಟೇ ಎತ್ತರದಲ್ಲಿ ಹೋದರೂ ಗೋಲು! 1866ರಲ್ಲಿ ಕಂಬಗಳ ನಡುವೆ ಒಂದು ಟೇಪು ಕಟ್ಟಿದರು. ಟೇಪು ಗಾಳಿಗೆ ಅಲ್ಲಾಡುತ್ತದೆ, ನಡುವೆ ಜೋತು ಬೀಳುತ್ತದೆ. 1875ರಲ್ಲಿ ಟೇಪಿನ ಬದಲು ಅಡ್ಡಪಟ್ಟಿ ಹಾಕಬಹುದು ಅಂದರು. 1882ರಲ್ಲಿ ಹಾಕಲೇಬೇಕು ಅಂದರು. ಅಷ್ಟಾದರೂ ಚೆಂಡು ಕಂಬದ ಒಳಗಿಂದ ಹೋಯಿತೋ ಹೊರಗಿಂದ ಹೋಯಿತೋ ಅನ್ನುವ ತಕರಾರು ಉಳಿದೇ ಇತ್ತು. ಲಿವರ್‌ಪೂಲಿನ ಎಂಜಿನಿಯರ್ ಜಾನ್ ಅಲೆಕ್ಸಾಂಡರ್ ಬ್ರೋಡಿ ಗೋಲಿನ ಹಿಂದೆ ಬಲೆ ಕಟ್ಟುವ ಉಪಾಯ ಹುಡುಕಿದರು. 1891ರಿಂದ ಪಂದ್ಯಗಳಲ್ಲಿ ಬಲೆ ಬಂತು. ಒಂದು ಗೋಲು ಅಂದರೆ ಏನು ಅಂತ ನಿಶ್ಚಯ ಮಾಡಲು ಸುಮಾರು 28 ವರ್ಷ ಹಿಡಿಯಿತು ನೋಡಿ.

ಫುಟ್‌ಬಾಲಿನ ನಿಯಮಗಳನ್ನು ಬಾಯಿಪಾಠ ಮಾಡಲು ಹೋದರೆ ಬೇಗ ಬೇಜಾರಾಗುತ್ತದೆ. ಈಗ ಒಟ್ಟು 17 ನಿಯಮಗಳಿವೆ, ಒಂದೊಂದಕ್ಕೂ ಬಾಲಂಗೋಚಿಗಳು. ಹೆಚ್ಚಿನವು ಯಾವುದೋ ಒಂದು ಜಗಳಕ್ಕೋ ಯಾರದ್ದೋ ಕಿತಾಪತಿಗೋ ಕೊಟ್ಟ ಉತ್ತರ. ಆ ಜಗಳ ಗೊತ್ತಾದರೆ ನಿಯಮ ತಾನಾಗಿ ನೆನಪಿರುತ್ತದೆ.

ಚೆಂಡು ಒದೆಯುವ ಆಟ ಬಹಳ ಹಳೆಯದು. ಚೀನಾದಲ್ಲಿ ಸುಮಾರು 2000 ವರ್ಷದ ಹಿಂದೆಯೇ 'ತ್ಸುಜು' ಅನ್ನುವ ಆಟ ಇತ್ತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಊರಿಗೆ ಊರೇ ಎರಡು ಪಾಲಾಗಿ, ಗದ್ದೆ, ಹೊಳೆ, ಬೀದಿ ಏನೂ ನೋಡದೆ ಚೆಂಡಿನ ಹಿಂದೆ ಓಡುತ್ತಿದ್ದರು. ಆ್ಯಶ್‌ಬರ್ನ್ ಎಂಬ ಊರಿನಲ್ಲಿ ಇವತ್ತಿಗೂ ವರ್ಷಕ್ಕೆ ಎರಡು ದಿನ ಇದನ್ನು ಆಡುತ್ತಾರೆ. ಅಲ್ಲಿ ಎರಡು ಗೋಲುಗಳ ನಡುವಿನ ಅಂತರ ಸುಮಾರು 3 ಮೈಲಿ! ಈ ಗಲಾಟೆ ತಾಳಲಾರದೆ 1314ರಲ್ಲೇ ಲಂಡನ್ನಿನ ಮೇಯರ್ ನಗರದಲ್ಲಿ ಈ ಆಟವನ್ನು ನಿಷೇಧಿಸಿದ್ದರು. ಯಾರೂ ಕೇಳಲಿಲ್ಲ ಬಿಡಿ.

ನಿಜವಾದ ತಲೆನೋವು ಶುರುವಾಗಿದ್ದು 1800ರ ನಂತರ. ಇಂಗ್ಲೆಂಡಿನ ದೊಡ್ಡ ದೊಡ್ಡ ಶಾಲೆಗಳು ತಮ್ಮ ತಮ್ಮ ನಿಯಮ ಮಾಡಿಕೊಂಡವು. ಒಂದು ಶಾಲೆಯಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಇನ್ನೊಂದರಲ್ಲಿ ಓಡುವಂತಿಲ್ಲ. ಈ ಹುಡುಗರು ದೊಡ್ಡವರಾಗಿ ಒಂದೇ ಊರಲ್ಲಿ ಸೇರಿ ಆಡಲು ಹೊರಟರೆ ಯಾರ ನಿಯಮ? ನಮ್ಮಲ್ಲಿ ಗೋಲಿ ಆಟಕ್ಕೆ ಪಕ್ಕದ ಬೀದಿ ಹುಡುಗರು ಬಂದಾಗ ಆಗುತ್ತದಲ್ಲ, ಹಾಗೆ.

ಎಬೆನೆಜರ್ ಕಾಬ್ ಮಾರ್ಲಿ ಎಂಬ ವಕೀಲರು ಮುಂದಾದರು. 1863ರ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್ ಎಂಬಲ್ಲಿ ಹಲವು ಕ್ಲಬ್‌ಗಳವರು ಸೇರಿದರು. ಅಲ್ಲೇ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ಆರು ಸಭೆಗಳಾದವು. ಅಲ್ಲಿ ದೊಡ್ಡ ಜಗಳ ಆಗಿದ್ದು ಎರಡು ವಿಷಯಕ್ಕೆ. ಚೆಂಡು ಹಿಡಿದು ಓಡಬಹುದಾ? ಎದುರಾಳಿಯ ಮೊಣಕಾಲಿನ ಕೆಳಗೆ, ಮುಂಗಾಲಿಗೆ ಬೇಕಂತಲೇ ಒದೆಯಬಹುದಾ?

ಹೌದು, ಒದೆಯುವುದು ಆಗ ಆಟದ ಭಾಗವೇ ಆಗಿತ್ತು. ಬ್ಲ್ಯಾಕ್‌ಹೀತ್ ಕ್ಲಬ್ಬಿನವರಿಗೆ ಅದು ಬೇಕೇ ಬೇಕಿತ್ತು. ಒದೆತ ತೆಗೆದರೆ ಆಟದ ಗಂಡೆದೆಯೇ ಹೋಗುತ್ತದೆ, ಒಂದೇ ವಾರ ಅಭ್ಯಾಸ ಮಾಡಿದ ಫ್ರೆಂಚರನ್ನು ಕರೆತಂದು ನಿಮ್ಮನ್ನು ಸೋಲಿಸುತ್ತೇನೆ ಅಂತ ಅವರ ಕಡೆಯ ಕ್ಯಾಂಪ್‌ಬೆಲ್ ಸಭೆಯಲ್ಲೇ ಸವಾಲು ಹಾಕಿದರು. ಒದೆತ ಹೋಯಿತು, ಬ್ಲ್ಯಾಕ್‌ಹೀತ್‌ನವರೂ ಎದ್ದು ಹೋದರು. ಮುಂದೆ 1871ರಲ್ಲಿ ರಗ್ಬಿಗೆ ಬೇರೆ ಸಂಘ ಕಟ್ಟುವಾಗ ಅವರ ಕ್ಲಬ್ಬೂ ಸೇರಿತು. ಕ್ಯಾಂಪ್‌ಬೆಲ್ ಹೆದರಿಸಿದ್ದ ಆ ಫ್ರೆಂಚರು ಮಾತ್ರ ನಿಧಾನವಾಗಿ ಕಲಿತು 1998 ಮತ್ತು 2018ರಲ್ಲಿ ವಿಶ್ವಕಪ್ ಗೆದ್ದರು.

ಹೀಗೆ ಎರಡು ಆಟಗಳಾದವು. ಒಂದು ರಗ್ಬಿ ಫುಟ್‌ಬಾಲ್, ಇನ್ನೊಂದು ಅಸೋಸಿಯೇಷನ್ ಫುಟ್‌ಬಾಲ್. ಇಂಗ್ಲೆಂಡಿನ ಕಾಲೇಜು ಹುಡುಗರು 'ಅಸೋಸಿಯೇಷನ್' ಎಂಬ ಪದವನ್ನು ಕತ್ತರಿಸಿ, ತಿರುಚಿ 'ಸಾಕರ್' ಮಾಡಿದರು. ಸಾಕರ್ ಅನ್ನುವುದು ಅಮೆರಿಕದವರು ಕಟ್ಟಿದ ಪದ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದು ಅಪ್ಪಟ ಇಂಗ್ಲೆಂಡಿನ ಮಾಲು.

1863ರ ಆ ಆಟವನ್ನು ಇವತ್ತು ನೋಡಿದರೆ ನಮಗೆ ಗುರುತೇ ಸಿಗುವುದಿಲ್ಲ. ಗಾಳಿಯಲ್ಲಿ ಬಂದ ಚೆಂಡನ್ನು ಯಾರು ಬೇಕಾದರೂ ಕೈಯಲ್ಲಿ ಕ್ಯಾಚ್ ಹಿಡಿಯಬಹುದಿತ್ತು. ಪ್ರತಿ ಗೋಲಿನ ನಂತರ ತಂಡಗಳು ಬದಿ ಬದಲಿಸುತ್ತಿದ್ದವು. ಗೋಲ್‌ಕೀಪರ್ ಅನ್ನುವ ಹುದ್ದೆ ನಿಯಮದಲ್ಲಿ ಬಂದಿದ್ದೇ 1871ರಲ್ಲಿ. ಅದಾದ ಮೇಲೂ ಕೀಪರ್ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡು ಮುಟ್ಟಬಹುದಿತ್ತು. ಅದಕ್ಕೆ ಕಡಿವಾಣ ಬಿದ್ದು, ತನ್ನ ಪೆನಾಲ್ಟಿ ಪ್ರದೇಶದೊಳಗೆ, ಅಂದರೆ ಗೋಲಿನ ಮುಂದೆ ಗೆರೆ ಎಳೆದ ದೊಡ್ಡ ಆಯತದೊಳಗೆ ಮಾತ್ರ ಕೈ ಹಾಕಬೇಕು ಅಂತಾಗಿದ್ದು 1912ರಲ್ಲಿ.

ಈಗಿನ ಆಟದ ಲೆಕ್ಕ ಬೇಗ ಹೇಳಿಬಿಡುತ್ತೇನೆ. ತಂಡಕ್ಕೆ 11 ಜನ, ಅವರಲ್ಲಿ ಒಬ್ಬ ಕೀಪರ್. ಒಂದು ತಂಡದಲ್ಲಿ 7ಕ್ಕಿಂತ ಕಮ್ಮಿಯಾದರೆ ಪಂದ್ಯ ನಡೆಯುವಂತಿಲ್ಲ. 45 ನಿಮಿಷದ ಎರಡು ಅವಧಿ, ನಡುವೆ ಹೆಚ್ಚೆಂದರೆ 15 ನಿಮಿಷ ಬಿಡುವು. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಇದೇನು ವಿಚಿತ್ರ ಸಂಖ್ಯೆ ಅನ್ನಬೇಡಿ. ಗಜದ ಲೆಕ್ಕದಲ್ಲಿ ಅದು ಸರಿಯಾಗಿ 8 ಗಜ ಅಗಲ, 8 ಅಡಿ ಎತ್ತರ. ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ.

ಚೆಂಡು ಪಕ್ಕದ ಗೆರೆ ದಾಟಿದರೆ, ಕೊನೆಗೆ ಯಾರು ಮುಟ್ಟಿದ್ದರೋ ಅವರ ಎದುರು ತಂಡಕ್ಕೆ ಥ್ರೋ. ಎರಡೂ ಕೈಯಲ್ಲಿ ಹಿಡಿದು ತಲೆ ಹಿಂದಿನಿಂದ ಎಸೆಯಬೇಕು, ಎರಡೂ ಪಾದ ನೆಲದ ಮೇಲಿರಬೇಕು. ಗೋಲಿನ ಬದಿಯ ಗೆರೆ ದಾಟಿದಾಗ ಕೊನೆಗೆ ಮುಟ್ಟಿದ್ದು ದಾಳಿ ಮಾಡುತ್ತಿದ್ದವರಾದರೆ ಗೋಲ್ ಕಿಕ್, ಅಂದರೆ ರಕ್ಷಣೆಯವರು ತಮ್ಮ ಗೋಲಿನ ಮುಂದಿನಿಂದ ಒದೆಯುವುದು. ರಕ್ಷಣೆಯವರಾದರೆ ಕಾರ್ನರ್, ಅಂದರೆ ದಾಳಿಯವರು ಮೈದಾನದ ಮೂಲೆಯಿಂದ ಒದೆಯುವುದು. ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಗೆರೆಯೂ ಮೈದಾನದ ಭಾಗವೇ. ಚೆಂಡು ಪೂರ್ತಿಯಾಗಿ ದಾಟಬೇಕು. ಮೇಲಿನಿಂದ ನೋಡಿದಾಗ ಚೆಂಡಿನ ಅಂಚು ಗೆರೆಯ ಮೇಲೆ ಕೂದಲೆಳೆಯಷ್ಟು ಇದ್ದರೂ ಅದು ಇನ್ನೂ ಆಟದಲ್ಲಿದೆ. ಗೋಲಿಗೂ ಇದೇ ಲೆಕ್ಕ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಒದೆದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆಯ ಒಳಗೆ ಬಿದ್ದು ಹೊರಗೆ ಪುಟಿಯಿತು. ಟಿವಿ ನೋಡುತ್ತಿದ್ದವರಿಗೆಲ್ಲ ಕಂಡಿತು, ರೆಫ್ರಿಗೆ ಕಾಣಲಿಲ್ಲ. ಗೋಲು ಕೊಡಲಿಲ್ಲ. ನಾಲ್ಕೇ ವರ್ಷಕ್ಕೆ, 2014ರ ವಿಶ್ವಕಪ್‌ನಲ್ಲಿ, ಚೆಂಡು ಗೆರೆ ದಾಟಿದ ಕೂಡಲೇ ರೆಫ್ರಿಯ ಕೈಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ತಂತ್ರಜ್ಞಾನ ಬಂದಿತ್ತು.

ಈಗ ಆಫ್‌ಸೈಡಿಗೆ ಬರೋಣ. ಎಲ್ಲರೂ ಹೆದರುವ ನಿಯಮ ಇದು. ನನ್ನನ್ನು ಕೇಳಿದರೆ ಇಡೀ ಆಟದಲ್ಲಿ ಅತ್ಯಂತ ಜಾಣ ನಿಯಮವೂ ಇದೇ.

ಮೊದಲು ಇದು ಯಾಕೆ ಬೇಕು ಅಂತ ನೋಡಿ. ಆಫ್‌ಸೈಡ್ ಇಲ್ಲದಿದ್ದರೆ ನಾನೇನು ಮಾಡುತ್ತೇನೆ? ಎದುರಾಳಿಯ ಕೀಪರ್ ಪಕ್ಕದಲ್ಲೇ ಹೋಗಿ ಸುಮ್ನೆ ನಿಲ್ಲುತ್ತೇನೆ. ನಮ್ಮವರು ದೂರದಿಂದ ಚೆಂಡು ಎತ್ತಿ ಹಾಕಿದರೆ ಸಾಕು, ತಳ್ಳಿಬಿಡುತ್ತೇನೆ. ಆಗ ಪಾಸು, ಓಟ, ಚಳಕ ಯಾವುದೂ ಬೇಡ. ಆಟವೇ ಸತ್ತುಹೋಗುತ್ತದೆ.

ಒಂದು ಸನ್ನಿವೇಶ ನೋಡಿ. ಸುಮಾ ಬಳಿ ಚೆಂಡಿದೆ. ಅವಳ ತಂಡದ ಫಾತಿಮಾ ಮುಂದೆ, ಎದುರಾಳಿಯ ಅರ್ಧದಲ್ಲಿದ್ದಾಳೆ. ಫಾತಿಮಾಗೂ ಗೋಲಿಗೂ ನಡುವೆ ಕೀಪರ್ ಒಬ್ಬಳೇ ಇದ್ದಾಳೆ, ಬೇರೆ ರಕ್ಷಕಿಯರೆಲ್ಲ ಫಾತಿಮಾಗಿಂತ ಹಿಂದೆ ಉಳಿದಿದ್ದಾರೆ. ಸುಮಾ ಪಾಸು ಕೊಟ್ಟಳು, ಫಾತಿಮಾ ಓಡಿ ಚೆಂಡು ಹಿಡಿದಳು. ಗೆರೆಯ ಪಕ್ಕದ ಸಹಾಯಕ ರೆಫ್ರಿಯ ಬಾವುಟ ಮೇಲೆ! ಆಫ್‌ಸೈಡ್.

ಲೆಕ್ಕ ಇಷ್ಟೇ. ಪಾಸು ಹೊರಟ ಕ್ಷಣದಲ್ಲಿ ಗೋಲಿನ ಗೆರೆಗೆ ಹತ್ತಿರ ಇರುವ ಎದುರಾಳಿಗಳನ್ನು ಆ ಗೆರೆಯಿಂದ ಎಣಿಸುತ್ತಾ ಬನ್ನಿ. ಒಂದು, ಸಾಮಾನ್ಯವಾಗಿ ಕೀಪರ್. ಎರಡು, ಸಾಮಾನ್ಯವಾಗಿ ಕೊನೆಯ ರಕ್ಷಕಿ. ಆ ಎರಡನೆಯವಳಿಗಿಂತಲೂ ಚೆಂಡಿಗಿಂತಲೂ ಫಾತಿಮಾ ಗೆರೆಗೆ ಹತ್ತಿರ ಇದ್ದರೆ ಆಫ್‌ಸೈಡ್ ಸ್ಥಾನದಲ್ಲಿದ್ದಾಳೆ. ಸಮಸಮ ಇದ್ದರೆ ತೊಂದರೆ ಇಲ್ಲ. ತಲೆ, ಮೈ, ಕಾಲು ಲೆಕ್ಕಕ್ಕೆ ಬರುತ್ತವೆ, ಕೈ ಬರುವುದಿಲ್ಲ. ತನ್ನ ಅರ್ಧ ಮೈದಾನದಲ್ಲೇ ಇದ್ದರೆ ಆಫ್‌ಸೈಡ್ ಇಲ್ಲವೇ ಇಲ್ಲ. ಥ್ರೋ, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಚೆಂಡು ಬಂದರೂ ಇಲ್ಲ.

ಸುಮಾರು ಜನ ಎಡವುವುದು 'ಕ್ಷಣ'ದ ವಿಷಯದಲ್ಲಿ. ಸುಮಾ ಒದೆದಾಗ ಫಾತಿಮಾ ರಕ್ಷಕಿಗೆ ಸಮನಾಗಿದ್ದಳು ಅಂತಿಟ್ಟುಕೊಳ್ಳಿ. ಆಮೇಲೆ ಬಾಣದಂತೆ ಓಡಿ, ಚೆಂಡು ಮುಟ್ಟುವ ಹೊತ್ತಿಗೆ ಐದು ಮೀಟರ್ ಮುಂದಿದ್ದಾಳೆ. ನೋಡುವವರೆಲ್ಲ "ಆಫ್‌ಸೈಡ್!" ಅಂತ ಕೂಗುತ್ತಾರೆ. ಅದು ಆಫ್‌ಸೈಡ್ ಅಲ್ಲ. ಚೆಂಡು ಹೊರಟ ಕ್ಷಣ ಮುಖ್ಯ, ತಲುಪಿದ ಕ್ಷಣ ಅಲ್ಲ. ಇನ್ನೊಂದು, ಆ ಜಾಗದಲ್ಲಿ ಬರೀ ನಿಂತಿದ್ದರೆ ತಪ್ಪಲ್ಲ. ಅಲ್ಲಿಂದ ಚೆಂಡಾಡಿದರೆ, ಕೀಪರ್‌ಗೆ ಕಣ್ಣು ಮರೆ ಮಾಡಿದರೆ, ಎದುರಾಳಿಗೆ ಅಡ್ಡ ಬಂದರೆ ಮಾತ್ರ ತಪ್ಪು.

ಮುಂದಿನ ಸಲ ಪಂದ್ಯ ನೋಡುವಾಗ ಚೆಂಡು ಬಿಟ್ಟು ಗೆರೆಯ ಪಕ್ಕ ಬಾವುಟ ಹಿಡಿದು ಓಡುವವರನ್ನು ಒಂದೈದು ನಿಮಿಷ ನೋಡಿ. ಅವರು ಚೆಂಡಿನ ಜೊತೆ ಓಡುವುದಿಲ್ಲ. ಆ ಎರಡನೆಯ ರಕ್ಷಕನ ಜೊತೆ ಏಡಿಯ ಹಾಗೆ ಅಡ್ಡಡ್ಡ ಓಡುತ್ತಿರುತ್ತಾರೆ. ಅವರ ಅರ್ಧ ಕೆಲಸ ಇದೇ.

ಈ ಎರಡು ಅನ್ನುವ ಸಂಖ್ಯೆಗೂ ಕಥೆ ಇದೆ. 1863ರಲ್ಲಿ ಚೆಂಡಿಗಿಂತ ಮುಂದೆ ಇದ್ದವರೆಲ್ಲ ಆಫ್‌ಸೈಡ್, ಅಂದರೆ ಮುಂದಕ್ಕೆ ಪಾಸೇ ಕೊಡುವಂತಿಲ್ಲ, ರಗ್ಬಿಯ ಹಾಗೆ. 1866ರಲ್ಲಿ ಮುಂದೆ ಮೂವರು ಎದುರಾಳಿಗಳಿದ್ದರೆ ಸರಿ ಅಂದರು. ಇದನ್ನು ರಕ್ಷಕರು ದಾಳ ಮಾಡಿಕೊಂಡರು. ಒಬ್ಬ ರಕ್ಷಕ ಸರಿಯಾದ ಹೊತ್ತಿಗೆ ಮುಂದಕ್ಕೆ ಹೆಜ್ಜೆ ಇಟ್ಟರೆ ಸಾಕು, ದಾಳಿಗಾರ ಆಫ್‌ಸೈಡ್ ಬಲೆಗೆ. ನ್ಯೂಕಾಸಲ್ ತಂಡದ ಬಿಲ್ ಮೆಕ್‌ಕ್ರಾಕೆನ್ ಇದರಲ್ಲಿ ಪಳಗಿದ ಕೈ. ಆಟ ನಿಲ್ಲುವುದೇ ಜಾಸ್ತಿಯಾಯಿತು. 1925ರಲ್ಲಿ ಮೂರನ್ನು ಎರಡಕ್ಕೆ ಇಳಿಸಿದರು. ಇಂಗ್ಲಿಷ್ ಲೀಗ್‌ನಲ್ಲಿ ಅದರ ಹಿಂದಿನ ಋತುವಿನಲ್ಲಿ 4,700 ಗೋಲುಗಳಾಗಿದ್ದವು, ಬದಲಾದ ಮೇಲಿನ ಋತುವಿನಲ್ಲಿ 6,373. ಒಂದೇ ಒಂದು ಅಂಕಿ ಬದಲಿಸಿದ್ದಕ್ಕೆ! ಸಮಸಮ ಇದ್ದರೆ ಆಫ್‌ಸೈಡ್ ಅಲ್ಲ ಅನ್ನುವುದು ಬಂದಿದ್ದು 1990ರಲ್ಲಿ.

ಪೆನಾಲ್ಟಿಯ ಕಥೆ ಇನ್ನೂ ಮಜಾ. ಮೊದಲ ನಿಯಮಗಳನ್ನು ಬರೆದವರು ಸಭ್ಯಸ್ಥರು ಬೇಕಂತಲೇ ಮೋಸ ಮಾಡುವುದಿಲ್ಲ ಅಂತ ನಂಬಿದ್ದರು. ಐರ್ಲೆಂಡಿನ ವಿಲಿಯಂ ಮೆಕ್‌ಕ್ರಂ ಗೋಲ್‌ಕೀಪರ್ ಆಗಿದ್ದವರು. ಗೋಲು ಖಚಿತ ಅನ್ನುವ ಹೊತ್ತಿಗೆ ಯಾರಾದರೂ ಕೈಯಿಂದ ತಡೆದರೆ, ಕಾಲಿಗೆ ಹೊಡೆದರೆ ಅದಕ್ಕೆ ತಕ್ಕ ಶಿಕ್ಷೆ ಬೇಕು ಅಂತ ಅವರು ಪಟ್ಟು ಹಿಡಿದರು. ನಾವೇನು ಮೋಸಗಾರರಾ ಅಂತ ದೊಡ್ಡಮನುಷ್ಯರಿಗೆ ಸಿಟ್ಟು ಬಂತು. ಅಷ್ಟರಲ್ಲಿ 1891ರಲ್ಲಿ ನಾಟ್ಸ್ ಕೌಂಟಿ ಮತ್ತು ಸ್ಟೋಕ್ ನಡುವಿನ ಕಪ್ ಪಂದ್ಯದಲ್ಲಿ ನಾಟ್ಸ್‌ನ ಆಟಗಾರನೊಬ್ಬ ಗೋಲಿನ ಗೆರೆಯ ಮೇಲೆ ಚೆಂಡನ್ನು ಕೈಯಿಂದ ತಡೆದ. ಸ್ಟೋಕ್‌ಗೆ ಸಿಕ್ಕಿದ್ದು ಬರೀ ಫ್ರೀ ಕಿಕ್. ಕೀಪರ್ ಚೆಂಡಿನ ಮುಂದೆಯೇ ಗೋಡೆಯಂತೆ ನಿಂತ, ಗೋಲಾಗಲಿಲ್ಲ. ಸ್ಟೋಕ್ ಸೋತಿತು. ಅದೇ ವರ್ಷ ಜೂನ್‌ನಲ್ಲಿ ಪೆನಾಲ್ಟಿ ನಿಯಮವಾಯಿತು.

ಈಗ 11 ಮೀಟರ್ ದೂರದ ಒಂದು ಚುಕ್ಕೆಯಿಂದ ಒದೆಯುತ್ತಾರೆ. ಕೀಪರ್ ಬಿಟ್ಟು ಬೇರೆ ಯಾರೂ ಅಡ್ಡ ಇರುವಂತಿಲ್ಲ. ಒದೆಯುವ ಕ್ಷಣದಲ್ಲಿ ಕೀಪರ್‌ನ ಒಂದು ಪಾದವಾದರೂ ಗೆರೆಯ ಮೇಲಿರಬೇಕು. ಪೆನಾಲ್ಟಿ ಬಂದ ಮೇಲೂ ಕಿತಾಪತಿ ನಿಲ್ಲಲಿಲ್ಲ. ಒಂದು ಪಂದ್ಯದಲ್ಲಿ ಸ್ಟೋಕ್‌ಗೆ ಪೆನಾಲ್ಟಿ ಸಿಕ್ಕಾಗ ಮುಗಿಯಲು ಎರಡೇ ನಿಮಿಷ ಇತ್ತು. ಎದುರಾಳಿ ಕೀಪರ್ ಚೆಂಡನ್ನು ಮೈದಾನದಿಂದಲೇ ಆಚೆ ಒದ್ದುಬಿಟ್ಟ. ಪಕ್ಕದ ಮನೆ ಕಾಂಪೌಂಡಿಗೆ ಹೋದ ಚೆಂಡನ್ನು ಆಂಟಿ ಕೊಡುವ ಹೊತ್ತಿಗೆ ಕತ್ತಲಾಗುತ್ತದಲ್ಲ, ಹಾಗೇ ಆಯಿತು. ಚೆಂಡು ಸಿಗುವಷ್ಟರಲ್ಲಿ 90 ನಿಮಿಷ ಮುಗಿದಿತ್ತು. ವ್ಯರ್ಥವಾದ ಸಮಯವನ್ನು ಕೊನೆಗೆ ಸೇರಿಸುವ ಪದ್ಧತಿ ಬಂದಿದ್ದು ಇಂಥದ್ದಕ್ಕೇ. ಕೀಪರ್‌ಗಳ ಕಾಲಹರಣ ಮಾತ್ರ ಇನ್ನೂ ಮುಗಿಯದ ಕಥೆ. ತನ್ನವರು ಬೇಕಂತಲೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಪಾಸನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಅಂತ 1992ರಲ್ಲಿ ಬಂತು. 2025ರಿಂದ 8 ಸೆಕೆಂಡಿಗಿಂತ ಜಾಸ್ತಿ ಚೆಂಡು ಹಿಡಿದು ನಿಂತರೆ ಎದುರಾಳಿಗೆ ಕಾರ್ನರ್.

ಹಳದಿ, ಕೆಂಪು ಕಾರ್ಡು ಬಂದಿದ್ದು ಭಾಷೆಯ ತೊಡಕಿನಿಂದ. 1966ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್–ಅರ್ಜೆಂಟೀನಾ ಪಂದ್ಯಕ್ಕೆ ಜರ್ಮನಿಯ ರೆಫ್ರಿ. ಅವರು ಅರ್ಜೆಂಟೀನಾ ನಾಯಕ ರಟ್ಟಿನ್‌ರನ್ನು ಹೊರಗೆ ಹೋಗು ಅಂದರು. ರೆಫ್ರಿಗೆ ಸ್ಪ್ಯಾನಿಷ್ ಬಾರದು, ರಟ್ಟಿನ್‌ಗೆ ಜರ್ಮನ್ ಬಾರದು. ಬಹಳ ಹೊತ್ತು ಅವರು ಹೊರಗೆ ಹೋಗಲೇ ಇಲ್ಲ. ಆ ವಿಶ್ವಕಪ್‌ನಲ್ಲಿ ರೆಫ್ರಿಗಳ ಉಸ್ತುವಾರಿ ಹೊತ್ತಿದ್ದ ಕೆನ್ ಆ್ಯಸ್ಟನ್ ಕಾರಿನಲ್ಲಿ ಹೋಗುತ್ತಿದ್ದಾಗ ಟ್ರಾಫಿಕ್ ಸಿಗ್ನಲ್ ಕಂಡಿತು. ಹಳದಿ, ಹುಷಾರು. ಕೆಂಪು, ನಿಲ್ಲು. ಯಾವ ಭಾಷೆಯೂ ಬೇಡ! 1970ರ ವಿಶ್ವಕಪ್‌ನಿಂದ ಕಾರ್ಡು ಬಂದವು. ಎರಡು ಹಳದಿ ಸೇರಿದರೆ ಒಂದು ಕೆಂಪು. ಕೆಂಪು ಕಂಡವರ ಬದಲಿಗೆ ಇನ್ನೊಬ್ಬರನ್ನು ಇಳಿಸುವಂತಿಲ್ಲ.

ಇಷ್ಟೆಲ್ಲ ಬದಲಿಸುವುದು ಯಾರು? ಎಲ್ಲರೂ ಜಗತ್ತಿನ ಫುಟ್‌ಬಾಲ್ ಸಂಸ್ಥೆ ಫಿಫಾ ಅನ್ನುತ್ತಾರೆ. ಫಿಫಾ ಹುಟ್ಟಿದ್ದು 1904ರಲ್ಲಿ, ಪ್ಯಾರಿಸ್‌ನಲ್ಲಿ. ನಿಯಮದ ಮಂಡಳಿ ಅದಕ್ಕಿಂತ ಹಳೆಯದು, 1886ರದ್ದು. ಅದರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಒಂದೊಂದು ಮತ, ಫಿಫಾಗೆ ನಾಲ್ಕು. ಒಟ್ಟು 8ರಲ್ಲಿ 6 ಮತ ಬಿದ್ದರೆ ಮಾತ್ರ ನಿಯಮ ಬದಲಾಗುತ್ತದೆ. ಇಡೀ ಜಗತ್ತು ಆಡುವ ಆಟದಲ್ಲಿ ಅರ್ಧ ಮತ ನಾಲ್ಕು ಪುಟ್ಟ ನಾಡುಗಳ ಕೈಯಲ್ಲಿರುವುದು ನನಗಂತೂ ಅಷ್ಟು ಸರಿ ಕಾಣುವುದಿಲ್ಲ.

ದೊಡ್ಡವರು ಸಭೆ ಸೇರಿ ಮಾಡಿದ್ದೆಲ್ಲ ಒಳ್ಳೆಯದೇ ಆಗಿರಲಿಲ್ಲ. 1920ರ ಕ್ರಿಸ್‌ಮಸ್ ಮರುದಿನ ಲಿವರ್‌ಪೂಲಿನಲ್ಲಿ ಹೆಣ್ಣುಮಕ್ಕಳ ಒಂದು ಪಂದ್ಯ ನೋಡಲು ಸುಮಾರು 53,000 ಜನ ಸೇರಿದ್ದರು. ಆಡಿದವರಲ್ಲಿ ಡಿಕ್ ಕೆರ್ ಕಾರ್ಖಾನೆಯ ಹೆಂಗಸರ ತಂಡ ಆಗ ಮನೆಮಾತು. ಮರುವರ್ಷವೇ ಇಂಗ್ಲೆಂಡಿನ ಸಂಘ ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಅಂದು, ತನ್ನ ಕ್ಲಬ್‌ಗಳ ಮೈದಾನ ಅವರಿಗೆ ಕೊಡದಂತೆ ತಡೆಯಿತು. ಆ ತಡೆ ಸುಮಾರು 50 ವರ್ಷ ನಡೆಯಿತು. ಗಂಡಸರ ಮೊದಲ ವಿಶ್ವಕಪ್ 1930ರಲ್ಲಿ, ಉರುಗ್ವೆಯಲ್ಲಿ. ಹೆಂಗಸರದ್ದು 1991ರಲ್ಲಿ, ಚೀನಾದಲ್ಲಿ. ಆ 1930ರ ಫೈನಲ್‌ನಲ್ಲಿ ಯಾರ ಚೆಂಡಿನಲ್ಲಿ ಆಡಬೇಕು ಅಂತಲೇ ಜಗಳ. ಮೊದಲರ್ಧ ಅರ್ಜೆಂಟೀನಾದ ಚೆಂಡು, ಅವರು 2–1 ಮುಂದೆ. ಎರಡನೆಯ ಅರ್ಧ ಉರುಗ್ವೆಯ ಚೆಂಡು, ಉರುಗ್ವೆ 4–2ರಿಂದ ಗೆದ್ದಿತು. ಚೆಂಡು ಯಾರದ್ದೋ ಅವರದ್ದೇ ಆಟ ಅನ್ನುವುದು ಅಲ್ಲೂ ನಡೆಯಿತು ನೋಡಿ.

ಭಾರತಕ್ಕೆ ಈ ಆಟ ತಂದವರು ಬ್ರಿಟಿಷ್ ಸೈನಿಕರು. ಶಿಮ್ಲಾದಲ್ಲಿ 1888ರಲ್ಲಿ ಶುರುವಾದ ಡುರಾಂಡ್ ಕಪ್ ಇವತ್ತಿಗೂ ನಡೆಯುತ್ತಿದೆ. 1911ರ ಜುಲೈ 29ರಂದು ಕೋಲ್ಕತ್ತಾದ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಪಂದ್ಯಾವಳಿ ಗೆದ್ದಿತು. ಬೂಟು ಹಾಕಿದ ಸೈನಿಕರ ಎದುರು ಆ 11 ಜನರಲ್ಲಿ ಬೂಟು ಹಾಕಿದ್ದು ಒಬ್ಬರೇ. ಉಳಿದ 10 ಮಂದಿ ಬರಿಗಾಲಲ್ಲಿ.

ನಮ್ಮ ಕಡೆ ಈ ಆಟ ಬೇರುಬಿಟ್ಟಿದ್ದು ಬೆಂಗಳೂರಿನ ದಂಡು ಪ್ರದೇಶದ ಸುತ್ತ. ಹಲಸೂರು ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಮೈಸೂರು ತಂಡ 1946–47ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿ ಸಂತೋಷ್ ಟ್ರೋಫಿ ಗೆದ್ದಿತು, ಆಮೇಲೆ ಇನ್ನೂ ಮೂರು ಸಲ. 1968–69ರ ನಂತರ 54 ವರ್ಷ ಕಾದು, 2023ರಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಕಪ್ ಎತ್ತಿತು.

ಬೆಂಗಳೂರಿನ ಅಹ್ಮದ್ ಖಾನ್ ಬರಿಗಾಲಲ್ಲೇ ಚೆಂಡಿನ ಜೊತೆ ಚಳಕ ತೋರಿಸುತ್ತಿದ್ದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತನಗೆ ಸಿಕ್ಕ ಎರಡು ಪೆನಾಲ್ಟಿಗಳನ್ನೂ ಗೋಲು ಮಾಡಲಾಗದೆ ಫ್ರಾನ್ಸ್‌ಗೆ 1–2ರಿಂದ ಸೋತಿತು. ಬರಿಗಾಲಲ್ಲಿ ಆಡಲು ಬಿಡಲಿಲ್ಲ ಅಂತ ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲ ಅನ್ನುವ ಕಥೆ ನೀವೂ ಕೇಳಿರಬಹುದು. ಆಗಿನ ನಾಯಕ ಶೈಲೇನ್ ಮನ್ನಾ ಅದನ್ನು ಒಪ್ಪುತ್ತಿರಲಿಲ್ಲ. ನಮಗೆ ಆಗ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಬಗ್ಗೆ ಅಷ್ಟು ಗೊತ್ತಿರಲಿಲ್ಲ ಅನ್ನುವುದು ಅವರ ಮಾತು.

ಬರಿಗಾಲಿಗೆ ಕೊನೆ ಬಂದಿದ್ದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಿಂದ. ಆ ಚಳಿಯಲ್ಲಿ ಯುಗೊಸ್ಲಾವಿಯಾ ನಮಗೆ 10 ಗೋಲು ಹೊಡೆಯಿತು. ನಮ್ಮದು ಒಂದು, ಪಂದ್ಯ ಮುಗಿಯುವ ಹೊತ್ತಿಗೆ ಅದನ್ನು ಹೊಡೆದವರು ಅಹ್ಮದ್ ಖಾನ್. ಆಮೇಲೆ ನಮ್ಮ ಸಂಘ ಬೂಟು ಕಡ್ಡಾಯ ಮಾಡಿತು.

ಈಗ ಎಲ್ಲ ಕಡೆಯೂ ಅದೇ. ನಾಲ್ಕನೆಯ ನಿಯಮದ ಪ್ರಕಾರ ಅಂಗಿ, ಚಡ್ಡಿ, ಕಾಲುಚೀಲ, ಬೂಟು, ಜೊತೆಗೆ ಮುಂಗಾಲಿಗೆ ಶಿನ್ ಗಾರ್ಡ್ ಇರಲೇಬೇಕು. ಶಿನ್ ಗಾರ್ಡ್ ಬಂದಿದ್ದು ಬ್ಲ್ಯಾಕ್‌ಹೀತ್‌ನವರು ಬೇಕು ಅಂತ ಹಟ ಹಿಡಿದ ಆ ಒದೆತ ನಿಯಮದಿಂದ ಹೋದರೂ ಮೈದಾನದಿಂದ ಹೋಗದ್ದರಿಂದ. 1874ರಲ್ಲಿ ನಾಟಿಂಗ್‌ಹ್ಯಾಮ್‌ನ ಸ್ಯಾಮ್ ವಿಡೊಸನ್ ಕ್ರಿಕೆಟ್ ಪ್ಯಾಡನ್ನೇ ಕತ್ತರಿಸಿ ಕಾಲಿಗೆ ಕಟ್ಟಿಕೊಂಡು ಬಂದಿದ್ದರು. 1911ರ ಆ ಹತ್ತು ಮಂದಿ ಇವತ್ತೇನಾದರೂ ಆಡಲು ಬಂದರೆ ರೆಫ್ರಿ ಗೆರೆಯ ಹತ್ತಿರವೇ ತಡೆದು, "ಬೂಟು ಎಲ್ಲಿ?" ಅಂತ ಕೇಳುತ್ತಾರೆ.